ಬೀಗರ ಮನೆಯ ಡಿವಿಡಿಯನ್ನೂ ತರಿಸಿಕೊಳ್ಳಿ

ಪ್ರಶ್ನೆ: ನಮ್ಮ ಮದುವೆ ಆಗಿದ್ದು 2007ರಲ್ಲಿ. ಸ್ಟುಡಿಯೊದವರು ವಿಡಿಯೊದ ಡಿವಿಡಿ, ಫೋಟೊಗಳ ಸಿ.ಡಿ. ಕೊಟ್ಟಿದ್ದರು. ಇಷ್ಟು ವರ್ಷ ಎರಡೂ ಅಟ್ಟದ ಮೇಲಿನ ಟ್ರಂಕಿನಲ್ಲಿದ್ದವು. ಈಗ ಹಾಕಿದರೆ ಡಿವಿಡಿ ತಾಳಿ ಕಟ್ಟುವ ಹೊತ್ತಿಗೇ ನಿಂತುಬಿಡುತ್ತದೆ. ಸಿ.ಡಿ. ಮೇಲೆ ಅಂಟಿಸಿದ್ದ ಸ್ಟಿಕರ್ ಅರ್ಧ ಎದ್ದಿದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಸರಿಹೋಗುತ್ತದೆ ಎನ್ನುತ್ತಾರೆ, ನಿಜವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಟೂತ್‌ಪೇಸ್ಟ್ ಸದ್ಯ ಬಚ್ಚಲಲ್ಲೇ ಇರಲಿ. ಮೊದಲು ಸ್ಟಿಕರ್ ವಿಷಯ. ದಯವಿಟ್ಟು ಅದನ್ನು ಕೀಳಬೇಡಿ.

ಸಿ.ಡಿ.ಯ ಹೊಳೆಯುವ ಮುಖವನ್ನು ನಾವೆಲ್ಲ ಜೋಪಾನ ಮಾಡುತ್ತೇವೆ, ಹೆಸರು ಬರೆಯುವ ಮುಖವನ್ನು ಹೇಗೆಂದರೆ ಹಾಗೆ ಮೇಜಿನ ಮೇಲೆ ಎಳೆದಾಡುತ್ತೇವೆ. ಆಗಬೇಕಿದ್ದದ್ದು ಉಲ್ಟಾ. 1.2 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹೆಚ್ಚುಕಡಿಮೆ ಪೂರ್ತಿ ಹೊಳೆಯುವ ಕಡೆಗೇ ಇರುತ್ತದೆ. ಮಾಹಿತಿ ಬರೆದ ಬಣ್ಣದ ಪದರ, ಅದರ ಬೆನ್ನಿಗಿರುವ ಬೆಳ್ಳಿ ಪದರ ಎರಡೂ ಹೆಸರಿನ ಕಡೆ, ವಾರ್ನಿಷ್‌ನಂಥ ತೆಳು ಲೇಪದ ಅಡಿ. ಸ್ಟಿಕರ್ ಕಿತ್ತರೆ ಅದರ ಅಂಟಿನ ಜೊತೆ ನಿಮ್ಮ ಫೋಟೊಗಳೂ ಎದ್ದು ಬರುತ್ತವೆ. ಎದ್ದು ಅಲ್ಲಾಡುವ ಚೂರನ್ನಷ್ಟೇ ಕತ್ತರಿಯಿಂದ ತೆಗೆಯಿರಿ. ಆ ಜಾಗವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸೂಜಿಯಲ್ಲಿ ಚುಚ್ಚಿದಂತೆ ಬೆಳಕು ಕಂಡರೆ ಅಲ್ಲಿದ್ದದ್ದು ಹೋಯಿತೆಂದೇ ಲೆಕ್ಕ. ಯಾವ ಪೇಸ್ಟೂ ಅದನ್ನು ತರಲಾರದು.

ಡಿವಿಡಿಯ ಕಥೆ ಬೇರೆ. 0.6 ಮಿ.ಮೀ.ನ ಎರಡು ಬಿಲ್ಲೆಗಳ ನಡುವೆ ಮಾಹಿತಿ ಕೂತಿರುವುದರಿಂದ ಮೇಲಿನ ಗೀರಿಗೆ ಅದು ಅಷ್ಟು ಹೆದರುವುದಿಲ್ಲ. ಆದರೆ ಮನೆಯಲ್ಲೋ ಸ್ಟುಡಿಯೊದಲ್ಲೋ ಬರೆದ ಡಿಸ್ಕಿನಲ್ಲಿ ಇರುವುದು ಲೇಸರ್‌ನಿಂದ ಸುಟ್ಟ ಬಣ್ಣ. ಬಿಸಿಗೆ, ಬೆಳಕಿಗೆ ಬಣ್ಣ ಮಾಸುತ್ತದೆಂದು ಬಟ್ಟೆ ಗಿರಣಿಗಳ ಊರಿನವರಿಗೆ ಹೇಳಬೇಕೆ? ಏಪ್ರಿಲ್ ತಿಂಗಳ ಅಟ್ಟವಂತೂ ಮಂಡಕ್ಕಿ ಭಟ್ಟಿಯೇ.

ಒಂದು ಹನಿ ಪಾತ್ರೆ ಸೋಪು, ತಣ್ಣೀರು, ಮೆತ್ತನೆ ಹತ್ತಿ ಬಟ್ಟೆ ಸಾಕು. ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಮಾಹಿತಿಯ ಸಾಲು ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಹೋಗುತ್ತದೆ. ಅಡ್ಡ ಗೀರು ಒಂದೊಂದು ಸುತ್ತಿನಲ್ಲಿ ಚೂರೇ ನುಂಗುವುದರಿಂದ ಡಿಸ್ಕ್ ಓದುವ ಡ್ರೈವ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸುರುಳಿಯ ಜೊತೆಗೇ ಓಡುವ ಗೀರಿಗೆ ಆ ಲೆಕ್ಕ ಸೋಲುತ್ತದೆ.

ಒರೆಸಿದ ಮೇಲೂ ಪ್ಲೇಯರ್‌ಗೆ ಹಾಕಿ ನೋಡುವ ಆಸೆ ಬೇಡ, ಮೊದಲು ಕಂಪ್ಯೂಟರಿಗೆ ಇಡೀ ಡಿಸ್ಕಿನ ನಕಲು. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ, ವಿಂಡೋಸ್‌ನವರಿಗೆ ಐಸೊಬಸ್ಟರ್. ನನ್ನ ಮತ ಡಿಡಿರೆಸ್ಕ್ಯೂಗೆ. ಅದು ಸುಲಭಕ್ಕೆ ಸಿಗುವುದನ್ನು ಮೊದಲು ಬಾಚಿಕೊಂಡು, ಕೆಟ್ಟ ಜಾಗಗಳನ್ನು ಒಂದು ನಕ್ಷೆ ಕಡತದಲ್ಲಿ ಗುರುತಿಟ್ಟು, ಆಮೇಲೆ ಅವುಗಳ ಬೆನ್ನು ಹತ್ತುತ್ತದೆ. ರಾತ್ರಿಯಿಡೀ ಓಡಿದರೂ ಓಡಲಿ. ಅದೇ ನಕ್ಷೆ ಇಟ್ಟುಕೊಂಡು ಡಿಸ್ಕನ್ನು ಇನ್ನೊಂದು ಡ್ರೈವ್‌ಗೆ ಹಾಕಿ. ಒಂದು ಡ್ರೈವ್ ಕೈಬಿಟ್ಟದ್ದನ್ನು ಇನ್ನೊಂದು ಓದುವುದು ಮಾಮೂಲು. ಗುಜರಿಗೆ ಹೋಗಲಿರುವ ಹಳೆ ಡೆಸ್ಕ್‌ಟಾಪ್ ಸಿಕ್ಕರೆ ಬಿಡಬೇಡಿ.

ಈಗ ಬೀಗರು. ಮದುವೆ ಡಿವಿಡಿ ಎರಡೂ ಮನೆಗೆ ಒಂದೊಂದು ಹೋಗಿರುತ್ತದೆ. ಒಂದೇ ಮೂಲದಿಂದ ಬರೆದ ಪ್ರತಿಗಳಾಗಿದ್ದು, ಎರಡರ ಗಾತ್ರವೂ ಬೈಟ್ ಲೆಕ್ಕದಲ್ಲಿ ಒಂದೇ ಇದ್ದರೆ, ನಿಮ್ಮ ಡಿಸ್ಕಿನ ನಕ್ಷೆಯ ಮೇಲೆ ಅವರ ಡಿಸ್ಕನ್ನು ಓಡಿಸಿ. ಎರಡೂ ಒಂದೇ ಜಾಗದಲ್ಲಿ ಕೆಟ್ಟಿರುವುದು ಅಪರೂಪ. ನಿಮ್ಮಲ್ಲಿ ತಪ್ಪಿದ ತಾಳಿ ಹೊಳಲ್ಕೆರೆಯಲ್ಲೋ ಹರಿಹರದಲ್ಲೋ ಭದ್ರವಾಗಿರಬಹುದು.

ಇಷ್ಟಾದ ಮೇಲೂ ಕೆಳಮುಖದ ಗೀರು ಕಾಡಿದರೆ ಮಾತ್ರ ಪಾಲಿಶ್ ಯೋಚಿಸಿ. ಟೂತ್‌ಪೇಸ್ಟ್ ಸಹ ಸಣ್ಣ ಉಜ್ಜುಪುಡಿಯೇ. ಗೀರಿನ ಅಂಚು ಸವೆಸುತ್ತದೆ, ಮಾಸಿದ ಬಣ್ಣಕ್ಕೆ ಏನೂ ಮಾಡುವುದಿಲ್ಲ.

ಸಿ.ಡಿ.ಯನ್ನೂ ಹೀಗೇ ನಕಲು ಮಾಡಿ, ಆ ನಕಲಿನ ಮೇಲೆ ಫೋಟೊರೆಕ್ ಎಂಬ ತಂತ್ರಾಂಶ ಓಡಿಸಿ. ಕಡತಗಳ ಪಟ್ಟಿ ಹಾಳಾಗಿದ್ದರೂ ಅದು ಚಿತ್ರಗಳನ್ನು ಗುರುತು ಹಿಡಿಯುತ್ತದೆ. ಕೆಲವು ಅರ್ಧಕ್ಕೇ ನಿಂತು ಕೆಳಗೆ ಬರೀ ಬೂದು ಬಣ್ಣ ಕಾಣಬಹುದು. ಜೆಪೆಗ್ ಚಿತ್ರ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಬರೆಯಲ್ಪಡುವುದರಿಂದ ಹಾಗೆ. ಸೀರೆಯ ಸೆರಗು ಹೋದರೂ ಮುಖಗಳು ಉಳಿದಿರುತ್ತವೆ.