ಗಣಿ ಮುಚ್ಚಿದ ಮಾತ್ರಕ್ಕೆ ಸರೋವರ ಸರಿಹೋಗಲ್ಲ

ಯುರೇನಿಯಂ ಗಣಿ ಮುಚ್ಚಿದ ಮೇಲೆ ಪಕ್ಕದ ಸಿಹಿನೀರಿನ ಸರೋವರ ತಾನಾಗಿಯೇ ಚೊಕ್ಕಟವಾಗುತ್ತದಾ ಅಂತ ಕೇಳಿದ್ದೀರಿ. ಅಷ್ಟು ಸುಲಭವಾಗಿ ಆಗುವುದಿಲ್ಲ. ನಿಜವಾದ ತೊಂದರೆ ಇರುವುದು ಬಿಟ್ಟುಹೋದ ಪುಡಿಯಲ್ಲಿ. ಅದಿರನ್ನು ಹಿಟ್ಟಿನ ಹಾಗೆ ಅರೆದು ಯುರೇನಿಯಂ ತೆಗೆದರೂ ಮೂಲ ವಿಕಿರಣದ ಸುಮಾರು 85% ಆ ತ್ಯಾಜ್ಯದಲ್ಲೇ ಉಳಿಯುತ್ತದೆ. ಅದರಲ್ಲಿರುವ ರೇಡಿಯಂ-226 ಅನ್ನೋ ವಿಕಿರಣ ಸೂಸುವ ಲೋಹ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು, ಅಷ್ಟರಲ್ಲಿ ಅಲ್ಲೇ ಇರುವ ಥೋರಿಯಂ ಹೊಸ ರೇಡಿಯಂ ಹುಟ್ಟಿಸುತ್ತಲೇ ಇರುತ್ತದೆ.

ಕೆನಡಾದ ಅಥಬಾಸ್ಕಾ ಸರೋವರದ ದಡದಲ್ಲಿದ್ದ ಗನ್ನರ್ ಗಣಿಯನ್ನೇ ನೋಡಿ. 1955ರಲ್ಲಿ ಶುರುವಾಯಿತು, ಹತ್ತು ವರ್ಷವೂ ನಡೆಯಲಿಲ್ಲ. ತ್ಯಾಜ್ಯವನ್ನೆಲ್ಲ ಪಕ್ಕದ ಮಡ್‌ಫರ್ಡ್ ಅನ್ನೋ ಪುಟ್ಟ ಸರೋವರಕ್ಕೆ ಸುರಿದರು, ಅದು ತುಂಬಿ ಉಕ್ಕಿ ಲ್ಯಾಂಗ್ಲಿ ಕೊಲ್ಲಿಗೆ, ಅಂದರೆ ಅಥಬಾಸ್ಕಾದ ಒಳಕ್ಕೇ ಹರಿಯಿತು. 40 ಲಕ್ಷ ಟನ್‌ಗಿಂತ ಜಾಸ್ತಿ ತ್ಯಾಜ್ಯ ಹಲವು ದಶಕ ಮುಚ್ಚಿಗೆ ಇಲ್ಲದೆ ಬಿದ್ದಿತ್ತು. ನನಗೆ ಇದು ಈಗಲೂ ಸಂಕಟದ ವಿಷಯ.

ನೀರು ತಿಳಿಯಾಗಿ ಕಂಡರೆ ನಂಬಬೇಡಿ. ವಿಷ ಕೂತಿರುವುದು ತಳದ ಕೆಸರಲ್ಲಿ. ಕೆಸರಲ್ಲಿ ಬದುಕುವ ಹುಳುಗಳನ್ನು ಮೀನು ತಿನ್ನುತ್ತದೆ, ರೇಡಿಯಂ ಕ್ಯಾಲ್ಸಿಯಂನಂತೆಯೇ ನಡೆದುಕೊಂಡು ಅದರ ಮೂಳೆಗೆ ಸೇರುತ್ತದೆ. ಕೆಲವು ಅದಿರಿನ ಜೊತೆ ಸೆಲೆನಿಯಂ ಕೂಡ ಬರುತ್ತದೆ, ಅದು ತಾಯಿಮೀನಿನಿಂದ ಮೊಟ್ಟೆಗೆ ಇಳಿದು ಮರಿಗಳು ಬೆನ್ನು ಸೊಟ್ಟಗಾಗಿ ಹುಟ್ಟಬಹುದು. ತ್ಯಾಜ್ಯದಲ್ಲಿ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಇದ್ದರಂತೂ ಗಾಳಿ, ಮಳೆ ತಾಗಿ ಆಮ್ಲವಾಗಿ ಲೋಹಗಳನ್ನೆಲ್ಲ ಕರಗಿಸಿ ನೀರಿಗೆ ಬಿಡುತ್ತದೆ.

ಕುಡಿಯುವ ನೀರಿನಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಮುಖ್ಯವಾಗಿ ಮೂತ್ರಪಿಂಡದ ದೃಷ್ಟಿಯಿಂದ. ಯಾರಾದರೂ ಬರೀ ನೀರಿನ ವರದಿ ತೋರಿಸಿದರೆ ಕೆಸರು ಮತ್ತು ಮೀನಿನ ಮೂಳೆಯ ಪರೀಕ್ಷೆಯನ್ನೂ ಕೇಳಿ.