ಈರುಳ್ಳಿ ಪೊರೆಯಲ್ಲಿ ಕಪ್ಪು ಬಳೆಗಳು

(ವಿಜ್ಞಾನದ ಪ್ರಶ್ನೆಗಳಿಗೆ ಚಿಂತಾಮಣಿಯ ನಿವೃತ್ತ ಹೈಸ್ಕೂಲ್ ಮೇಷ್ಟ್ರ ಉತ್ತರ)

ಮೇಷ್ಟ್ರೇ, ಶಾಲೆಯಲ್ಲಿ ಈರುಳ್ಳಿ ಪೊರೆಯ ಸ್ಲೈಡ್ ಮಾಡಿದೆವು. ದಪ್ಪ ಕಪ್ಪು ಅಂಚಿನ ಬಳೆಗಳು ಕಂಡವು, ಒಳಗೆ ಏನೂ ಇರಲಿಲ್ಲ. ಅವೇ ಜೀವಕೋಶಗಳಾ?
– 9ನೇ ತರಗತಿ ವಿದ್ಯಾರ್ಥಿನಿ, ಗೌರಿಬಿದನೂರು

ಅಲ್ಲ ಮಗು, ಅವು ಗಾಳಿಗುಳ್ಳೆಗಳು. ನೀರು ಮತ್ತು ಗಾಳಿ ಸೇರುವ ಅಂಚಿನಲ್ಲಿ ಬೆಳಕು ಪಕ್ಕಕ್ಕೆ ಬಾಗಿ ಹೋಗುತ್ತದೆ, ನಿನ್ನ ಕಣ್ಣಿಗೆ ಬರುವುದಿಲ್ಲ. ಅದಕ್ಕೇ ಆ ಕಪ್ಪು ಅಂಚು. ಅನುಮಾನ ಇದ್ದರೆ ಮೇಲೆ ಮುಚ್ಚಿದ ತೆಳು ಗಾಜನ್ನು, ಅಂದರೆ ಕವರ್ ಸ್ಲಿಪ್ಪನ್ನು, ಸೂಜಿಯಿಂದ ಮೆಲ್ಲಗೆ ಒತ್ತು. ಗುಳ್ಳೆ ಜಾರಿ ಹೋಗುತ್ತದೆ. ಜೀವಕೋಶ ಪಕ್ಕದವುಗಳಿಗೆ ಅಂಟಿಕೊಂಡೇ ಇರುತ್ತದೆ.

ನೀನು ಕವರ್ ಸ್ಲಿಪ್ಪನ್ನು ಮೇಲಿಂದ ಚಪ್ಪಟೆಯಾಗಿ ಇಟ್ಟಿರಬೇಕು. ಮೊದಲು ಅದರ ಒಂದು ಅಂಚು ಮಾತ್ರ ನೀರಿಗೆ ತಾಗಲಿ. ಇನ್ನೊಂದು ಅಂಚನ್ನು ಸೂಜಿಯ ಮೇಲೆ ಆನಿಸಿ ನಿಧಾನಕ್ಕೆ ಇಳಿಸು. ಗಾಳಿ ತಾನೇ ಹೊರಗೆ ಹೋಗುತ್ತದೆ.

ಪೊರೆ ಎಲ್ಲಿಂದ ತೆಗೆದೆ ಅನ್ನುವುದೂ ಮುಖ್ಯ. ಹೊರಗಿನ ಒಣ ಸಿಪ್ಪೆ ಬೇಡ. ಒಳಗಿನ ದಪ್ಪ ಪದರವನ್ನು ಮುರಿದು, ಅದರ ತಗ್ಗಾದ ಬದಿಯಿಂದ ಎಳೆದರೆ ಗಾಜಿನಷ್ಟು ತಿಳಿಯಾದ ಪೊರೆ ಬರುತ್ತದೆ. ತಕ್ಷಣ ನೀರಿಗೆ ಹಾಕು. ಇಲ್ಲದಿದ್ದರೆ ಸುರುಳಿ ಸುತ್ತಿಕೊಂಡು ಒಣಗುತ್ತದೆ. ಬೆರಳಿನ ಉಗುರಿಗಿಂತ ಚಿಕ್ಕ ತುಂಡು ಸಾಕು. ಮಡಿಚಿಕೊಂಡರೆ ಎರಡು ಪದರ ಒಂದರ ಮೇಲೊಂದು ಬಿದ್ದು ಏನೂ ಅರ್ಥವಾಗುವುದಿಲ್ಲ. ಬಣ್ಣಕ್ಕೆ ಒಂದು ಹನಿ ಸ್ಯಾಫ್ರನಿನ್. ಅದು ಇಲ್ಲದಿದ್ದರೆ ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್‌ಗೆ ನೀರು ಬೆರೆಸಿಕೋ. ಕೋಶಕೇಂದ್ರ ಚುಕ್ಕೆಯಾಗಿ ಎದ್ದು ಕಾಣುತ್ತದೆ.

ಕನ್ನಡಿ ಇರುವ ಸೂಕ್ಷ್ಮದರ್ಶಕವಾದರೆ ಕಿಟಕಿಯ ಕಡೆ ಇಟ್ಟುಕೋ. ಬಿಸಿಲಿಗೆ, ಸೂರ್ಯನ ಕಡೆಗೆ ಮಾತ್ರ ಕನ್ನಡಿ ತಿರುಗಿಸಬೇಡ, ಕಣ್ಣೇ ಹೋಗಬಹುದು. ಮಕ್ಕಳಿಗೆ ಮೊದಲೇ 40ಎಕ್ಸ್, ಅಂದರೆ 40 ಪಟ್ಟು ಹಿಗ್ಗಿಸುವ ಲೆನ್ಸ್ ಹಾಕುವ ಆಸೆ. ಬೇಡ. 4ಎಕ್ಸ್‌ನಲ್ಲಿ ಹುಡುಕು, 10ಎಕ್ಸ್‌ನಲ್ಲಿ ನೋಡು. ಈರುಳ್ಳಿಗೆ ಅಷ್ಟೇ ಸಾಕು.

ಇನ್ನೊಂದು ಕೆಲಸ ಮಾಡು. 4ಎಕ್ಸ್ ಲೆನ್ಸ್ ಕೆಳಗೆ ಪಾರದರ್ಶಕ ಸ್ಕೇಲ್ ಇಟ್ಟು, ಕಾಣುವ ವೃತ್ತದ ಅಗಲ ಎಷ್ಟು ಮಿಲಿಮೀಟರ್ ಅಂತ ಅಳೆ. 10ಎಕ್ಸ್‌ಗೆ ಬಂದಾಗ ಆ ಅಗಲವನ್ನು ಎರಡೂವರೆಯಿಂದ ಭಾಗಿಸಿದಷ್ಟೇ ಕಾಣುತ್ತದೆ. ಸಾಮಾನ್ಯವಾಗಿ 2 ಮಿಲಿಮೀಟರ್‌ಗೆ ಸ್ವಲ್ಪ ಕಡಿಮೆ. ಅದರಲ್ಲಿ ಉದ್ದಕ್ಕೆ ಎಷ್ಟು ಕೋಶ ಹಿಡಿಸುತ್ತವೆ ಎಣಿಸಿ ಭಾಗಿಸು. ಸುಮಾರು ಕಾಲು ಮಿಲಿಮೀಟರ್ ಬಂದರೆ ನಿನ್ನ ಲೆಕ್ಕ ಸರಿ. ನಾನಾದರೆ ಚಿತ್ರಕ್ಕಿಂತ ಈ ಲೆಕ್ಕಕ್ಕೇ ಜಾಸ್ತಿ ಅಂಕ ಕೊಡುತ್ತೇನೆ.

ಪುಸ್ತಕದ ಚಿತ್ರದಲ್ಲಿ ಕೋಶದೊಳಗಿನ ಸಣ್ಣ ಭಾಗಗಳಾದ ಮೈಟೋಕಾಂಡ್ರಿಯ, ರೈಬೋಸೋಮ್ ಎಲ್ಲ ಇವೆ. 40ಎಕ್ಸ್ ಹಾಕಿದರೂ ಮಕ್ಕಳಿಗೆ ತೋರಿಸಲು ಆಗಲಿಲ್ಲ. ನಮ್ಮ ಸೂಕ್ಷ್ಮದರ್ಶಕ ಕೆಟ್ಟಿದೆಯೇ?
– ವಿಜ್ಞಾನ ಶಿಕ್ಷಕರು, ಬಾಗೇಪಲ್ಲಿ ತಾಲ್ಲೂಕು

ಕೆಟ್ಟಿಲ್ಲ ಸಾರ್. ಬೆಳಕಿಗೇ ಒಂದು ಮಿತಿ ಇದೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಸುಮಾರು 0.2 ಮೈಕ್ರಾನ್‌ಗಿಂತ ಹತ್ತಿರ ಇರುವ ಎರಡು ಚುಕ್ಕೆಗಳು ಎಂಥ ಒಳ್ಳೆಯ ಲೆನ್ಸ್‌ನಲ್ಲೂ ಒಂದೇ ಆಗಿ ಕಾಣುತ್ತವೆ. ಜರ್ಮನಿಯ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲೇ ಇದನ್ನು ವಿವರಿಸಿದ್ದರು. ರೈಬೋಸೋಮ್ ಆ ಮಿತಿಯ ಹತ್ತನೇ ಒಂದು ಭಾಗದಷ್ಟಿದೆ. ಮೈಟೋಕಾಂಡ್ರಿಯ ಅರ್ಧದಿಂದ ಒಂದು ಮೈಕ್ರಾನ್ ದಪ್ಪ ಇದ್ದರೂ ಅದಕ್ಕೆ ಬಣ್ಣವಿಲ್ಲ. ಜೇನಸ್ ಗ್ರೀನ್‌ನಂಥ ವಿಶೇಷ ಬಣ್ಣ ಬೇಕು.

ಪುಸ್ತಕದ ಆ ಚಿತ್ರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೊಡುಗೆ. ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಕೋಶಕೇಂದ್ರವನ್ನು ಗುರುತಿಸಿ ಹೆಸರಿಟ್ಟದ್ದು 1831ರ ಸುಮಾರಿಗೆ. ರೈಬೋಸೋಮ್ ಕಾಣಲು ಆಮೇಲೆ ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಹಾಗಿರುವಾಗ ಪ್ರಾಕ್ಟಿಕಲ್ ರೆಕಾರ್ಡ್‌ನ ಈರುಳ್ಳಿ ಕೋಶದಲ್ಲಿ ಮೈಟೋಕಾಂಡ್ರಿಯ ಎಲ್ಲಿಂದ ಬಂತು? ಗೈಡ್‌ನಿಂದ ಬಂತು, ಅಲ್ವಾ! ನಾನು ರೆಕಾರ್ಡ್ ತಿದ್ದುವಾಗ ಅಂಥದ್ದಕ್ಕೆ ಕೆಂಪು ಗೆರೆ ಎಳೆಯುತ್ತಿದ್ದೆ. ಕೋಶಭಿತ್ತಿ, ಕೋಶದ್ರವ್ಯ, ಕೋಶಕೇಂದ್ರ ಇಷ್ಟೇ ಬರೆದವರಿಗೆ ಪೂರ್ತಿ ಅಂಕ ಕೊಡಿ.

ಈರುಳ್ಳಿ ಸಸ್ಯವೇ ತಾನೇ? ಕ್ಲೋರೋಪ್ಲಾಸ್ಟ್ ಯಾಕೆ ಇಲ್ಲ?
– 8ನೇ ತರಗತಿ ವಿದ್ಯಾರ್ಥಿ, ಗುಡಿಬಂಡೆ

ಗೆಡ್ಡೆಯ ಪದರಗಳು ಆಹಾರ ಕೂಡಿಡುವ ಎಲೆಗಳು, ತಯಾರಿಸುವುದಿಲ್ಲ. ಆಹಾರ ತಯಾರಿಸುವ ಹಸಿರು ಕಣ ಕ್ಲೋರೋಪ್ಲಾಸ್ಟ್ ನೋಡಬೇಕಾದರೆ ಹೈಡ್ರಿಲ್ಲ ಎಂಬ ನೀರುಗಿಡದ ಎಲೆ ತಾ. ಮೀನಿನ ಅಂಗಡಿಯಲ್ಲಿ ಸಿಗಬಹುದು. ಆ ಎಲೆ ಎರಡೇ ಕೋಶಗಳಷ್ಟು ದಪ್ಪ, ಕತ್ತರಿಸುವ ಗೋಜಿಲ್ಲ. ಸ್ವಲ್ಪ ಹೊತ್ತು ಕಾದರೆ ಹಸಿರು ಕಣಗಳು ಕೋಶದೊಳಗೆ ಸುತ್ತುವುದೂ ಕಾಣಬಹುದು.

ನಾವು ರೇಷ್ಮೆ ಬೆಳೆಗಾರರು. ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಚಿಟ್ಟೆ ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಅದರಲ್ಲಿ ಏನು ಕಾಣುತ್ತೆ ಅಂತ ಮಗಳು ಕೇಳುತ್ತಿದ್ದಾಳೆ.
– ರೈತರು, ಶಿಡ್ಲಘಟ್ಟ

ಮಗಳು ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ ಸ್ವಾಮಿ. ಅವರು ಹುಡುಕುವುದು ಗಂಟುರೋಗದ ಬೀಜಾಣು. ನೊಸೀಮಾ ಬಾಂಬಿಸಿಸ್ ಎಂಬ ಒಂದೇ ಕೋಶದ ಪರಾವಲಂಬಿ ಅದು. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುವುದೇ ಇದರ ಕೆಟ್ಟ ಗುಣ. ಒಮ್ಮೆ ಮನೆಗೆ ಹೊಕ್ಕರೆ ಹುಳುವಿಂದ ಹುಳುವಿಗೂ ಹರಡುತ್ತದೆ.

1865ರಲ್ಲಿ ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ರೇಷ್ಮೆ ನೆಲಕಚ್ಚಿತ್ತು. ಆಗ ಲೂಯಿ ಪಾಶ್ಚರ್ ಅಲ್ಲಿಗೆ ಹೋದರು. ರೇಷ್ಮೆ ಹುಳುವಿನ ಗಂಧಗಾಳಿ ಇಲ್ಲದ ರಸಾಯನ ಶಾಸ್ತ್ರಜ್ಞ! ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆಯನ್ನು ಅರೆದು ನೋಡುವುದು, ರೋಗ ಕಂಡರೆ ಅದರ ಮೊಟ್ಟೆಗಳನ್ನು ನಾಶಮಾಡುವುದು ಅವರು ಜಾರಿಗೆ ತಂದ ಪದ್ಧತಿ. ನಿಮ್ಮ ಕೋಠಿಯಲ್ಲಿ ನಡೆಯುವುದೂ ಅದೇ.

ಮಗಳಿಗೆ ಹೇಳಿ: ಈ ಬೀಜಾಣು ಮೊಟ್ಟೆಯಾಕಾರ, ಹೊಳೆಯುತ್ತದೆ, ಉದ್ದ ಸುಮಾರು 4 ಮೈಕ್ರಾನ್. ಒಂದು ಈರುಳ್ಳಿ ಕೋಶದ ಉದ್ದಕ್ಕೆ ಅರವತ್ತರಷ್ಟನ್ನು ಸಾಲಾಗಿ ಇಡಬಹುದು. ಅದಕ್ಕೇ ಕೋಠಿಯವರಿಗೆ ಸುಮಾರು 600 ಪಟ್ಟು ಬೇಕಾಗುತ್ತದೆ. ಚಿಟ್ಟೆಯ ಕೊಬ್ಬಿನ ಹನಿಗಳೂ ಹೊಳೆಯುತ್ತವೆ, ಆದರೆ ಅವು ದುಂಡಗೆ, ಒಂದು ದೊಡ್ಡದು ಒಂದು ಚಿಕ್ಕದು. ಬೀಜಾಣುಗಳು ಹೆಚ್ಚುಕಡಿಮೆ ಒಂದೇ ಅಳತೆ. ನೋಡಿ ನೋಡಿ ಪಳಗಿದ ಕಣ್ಣೇ ಬೇಕು. ಕೋಠಿಯವರನ್ನು ಕೇಳಿ, ಅವಳಿಗೆ ಒಮ್ಮೆ ತೋರಿಸಿ.

ಎಷ್ಟು ಒರೆಸಿದರೂ ಒಂದು ಕಪ್ಪು ಚುಕ್ಕೆ ಹೋಗುತ್ತಿಲ್ಲ.
– ಲ್ಯಾಬ್ ಸಹಾಯಕರು, ಚಿಕ್ಕಬಳ್ಳಾಪುರ

ಒರೆಸುವ ಮೊದಲು ಅದು ಎಲ್ಲಿದೆ ಅಂತ ಹುಡುಕಿ. ಸ್ಲೈಡ್ ಸರಿಸಿದಾಗ ಚುಕ್ಕೆ ಸರಿದರೆ ಸ್ಲೈಡ್ ಮೇಲಿದೆ. ಕಣ್ಣಿನ ಕಡೆಯ ಲೆನ್ಸ್ ತಿರುಗಿಸಿದಾಗ ಅದೂ ತಿರುಗಿದರೆ ಅಲ್ಲಿದೆ. ಎರಡೂ ಅಲ್ಲದಿದ್ದರೆ ಕೆಳಗಿನ ಲೆನ್ಸ್ ನೋಡಿ. ಅಂಗಿ ತುದಿ, ಸೆರಗು ಬೇಡ, ದೂಳು ಉಜ್ಜಿ ಗೀರು ಬೀಳುತ್ತದೆ. ಮೊದಲು ರಬ್ಬರ್ ಬಲ್ಬಿನಿಂದ ಗಾಳಿ ಊದಿ, ಆಮೇಲೆ ಲೆನ್ಸ್ ಪೇಪರ್ ಬಳಸಿ.