ನೀವು ಕೇಳಿದ್ರಿ: ಪ್ರೈವೇಟ್ ಸ್ಕೂಲ್ ಮಕ್ಕಳಿಗೆ ನವೋದಯ ಸೀಟು ಸಿಗತ್ತಾ?

ಹೋದ ಸಲ ಈ ಕಾಲಂನಲ್ಲಿ ನವೋದಯ, ಅಂದ್ರೆ ಪರೀಕ್ಷೆ ಬರ್ದು 6ನೇ ಕ್ಲಾಸಿಗೆ ಸೇರೋ ಕೇಂದ್ರ ಸರ್ಕಾರದ ವಸತಿ ಶಾಲೆ, ಅದ್ರ ಬಗ್ಗೆ ಸುಮ್ನೆ ಎರಡು ಸಾಲು ಬರ್ದೆ ನೋಡಿ, ಅವತ್ತಿಂದ ಪತ್ರಾನೂ ನಿಂತಿಲ್ಲ ವಾಟ್ಸಾಪೂ ನಿಂತಿಲ್ಲ. ಮುಕ್ಕಾಲು ಪಾಲು ಜನ ಕೇಳಿರೋದು ಒಂದೇ, ನಮ್ಮ ಮಗು ಪ್ರೈವೇಟ್‌ನಲ್ಲಿ ಓದ್ತಿದೆ, ಸರ್ಕಾರಿ ನವೋದಯಕ್ಕೆ ತಗೋತಾರಾ ಅಂತ. ನಾನು ರಿಟೈರ್ ಆಗೋ ತನಕ ಐದನೇ ಕ್ಲಾಸಿಗೆ ಪಾಠ ಮಾಡ್ದವನು, ಈ ಫಾರ್ಮುಗಳಿಗೆ ಸೀಲು ಒತ್ತಿ ಒತ್ತಿ ಬೆರಳೆಲ್ಲ ನೀಲಿ ಆಗಿದ್ದೂ ಇದೆ, ಅದಕ್ಕೆ ಈ ಸಲದ ಕಾಲಂ ಪೂರ್ತಿ ಇದಕ್ಕೇ ಬಿಟ್ಟಿದೀನಿ.

ನಮ್ಮದು ಹಳ್ಳಿ ಸರ, ಹೊಲಾ ಮನಿ ಎಲ್ಲಾ ಇಲ್ಲೇ ಐತಿ. ಮಗಳು 5ನೇತ್ತಾ, ದಿನಾ ಸ್ಕೂಲ್ ವ್ಯಾನಿನ್ಯಾಗ ತಾಲೂಕಾ ಊರಿಗೆ ಹೋಗಿ ಬರ್ತಾಳ, ಇಂಗ್ಲಿಷ್ ಮೀಡಿಯಂ. ಪ್ರೈವೇಟ್ ಸಾಲಿ ಹುಡುಗ್ರನ್ನ ನವೋದಯಕ್ಕ ತಗೊಳ್ಳಂಗಿಲ್ಲ ಅಂತಾರ, ಖರೆ ಏನ್ರಿ? ರೂರಲ್ ಕೋಟಾ ಅಂತೂ ನಮಗ ಬರ್ತೈತಲ್ರಿ?
— ಒಬ್ಬ ತಂದೆ, ಹಾವೇರಿ ಜಿಲ್ಲೆ

ಮೊದಲ್ನೇದು ಸುಳ್ಳು, ಎರಡನೇದೂ ಸುಳ್ಳು, ಬೇಜಾರ್ ಮಾಡ್ಕೋಬೇಡಿ.

ಪ್ರೈವೇಟ್ ಅನ್ನೋ ಕಾರಣಕ್ಕೆ ಯಾರನ್ನೂ ಬಿಡಲ್ಲ. ಸರ್ಕಾರಿ, ಅನುದಾನಿತ, ಇಲ್ಲಾ ಸರ್ಕಾರದ ಮಾನ್ಯತೆ ಇರೋ ಯಾವ್ದೇ ಶಾಲೆಲಿ 5ನೇ ಕ್ಲಾಸ್ ಓದ್ತಿದ್ರೂ ಪರೀಕ್ಷೆ ಬರೀಬಹುದು, ನಿಮ್ಮ ಮಗಳ ಶಾಲೆಗೆ ಮಾನ್ಯತೆ ಇದ್ರೆ ಅಲ್ಲಿಗೆ ಮುಗೀತು. ನಿಜವಾದ ಗಂಟು ಇರೋದು ಕೋಟಾದಲ್ಲಿ. ಒಂದು ನವೋದಯದಲ್ಲಿ 6ನೇ ಕ್ಲಾಸಿಗೆ ಹೆಚ್ಚಂದ್ರೆ 80 ಸೀಟು, ಅದ್ರಲ್ಲಿ ಕಮ್ಮಿ ಅಂದ್ರೂ 75 ಪರ್ಸೆಂಟ್, ಅಂದ್ರೆ 60 ಸೀಟು ಗ್ರಾಮೀಣ ಮಕ್ಕಳಿಗೆ. ಆದ್ರೆ ಗ್ರಾಮೀಣ ಅಂದ್ರೆ ನಿಮ್ಮ ಮನೆ ಎಲ್ಲಿದೆ, ಹೊಲ ಎಲ್ಲಿದೆ, ರೇಷನ್ ಕಾರ್ಡ್ ಯಾವೂರದ್ದು ಅಂತ ಅಲ್ಲ. ಮಗು 3, 4, 5 ಈ ಮೂರು ಕ್ಲಾಸನ್ನ ಪೂರ್ತಿಯಾಗಿ ಓದಿದ ಶಾಲೆಯ ಕಟ್ಟಡ ಎಲ್ಲಿ ನಿಂತಿದೆ ಅನ್ನೋದೇ ಲೆಕ್ಕ. ಈ ಮೂರು ವರ್ಷದಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಲಿ ಓದಿದ್ರೂ ಆ ಮಗು ನಗರದ ಅಭ್ಯರ್ಥಿ ಅಂತ ನಿಯಮದಲ್ಲೇ ಬರ್ದಿದೆ, ಒಂದು ದಿನ ಅಂತಾನೇ ಇದೆ, ನಾನು ಒಗ್ಗರಣೆ ಹಾಕ್ತಿಲ್ಲ.

ಹಂಗಾಗಿ ಏನಾಗತ್ತೆ ನೋಡಿ. ಒಂದೇ ಬೀದಿಲಿ ಎದುರುಬದುರು ಮನೆ, ಒಬ್ಬಳು ಹಳದಿ ವ್ಯಾನ್ ಹತ್ತಿ ಪುರಸಭೆ ಊರಿನ ಪ್ರೈವೇಟ್ ಶಾಲೆಗೆ ಹೋಗ್ತಾಳೆ, ಇನ್ನೊಬ್ಬ ಪಕ್ಕದ ಹಳ್ಳಿಲಿ ಪಂಚಾಯ್ತಿ ರಸ್ತೆ ಪಕ್ಕ ಯಾರೋ ಟ್ರಸ್ಟ್ ಮಾಡ್ಕೊಂಡು ನಡೆಸ್ತಿರೋ ಪ್ರೈವೇಟ್ ಶಾಲೆಗೆ ಹೋಗ್ತಾನೆ. ಇಬ್ರೂ ಟೈ ಕಟ್ತಾರೆ, ಇಬ್ರ ಅಪ್ಪಂದ್ರೂ ಫೀಸ್ ಕಟ್ತಾರೆ. ಆದ್ರೂ ಅವ್ನು ಗ್ರಾಮೀಣ, ಇವ್ಳು ನಗರ. ಅವ್ನಿಗೆ 60 ಸೀಟಿನ ಬಾಗಿಲು ತೆರ್ದಿರತ್ತೆ, ಇವ್ಳಿಗೆ ಉಳಿದ 20, ಆ 20ರಲ್ಲೂ ಜಾಸ್ತಿ ಮಾರ್ಕ್ಸ್ ತಗೊಂಡ ಹಳ್ಳಿ ಮಕ್ಕಳು ಮೆರಿಟ್ ಮೇಲೆ ಬರಬಹುದು. ನೀವು ವ್ಯಾನಿಗೆ ತಿಂಗಳು ತಿಂಗಳು ದುಡ್ಡು ಕೊಟ್ಟು ಮಗಳನ್ನ ಗ್ರಾಮೀಣ ಕೋಟಾದಿಂದ ಆಚೆ ಕಳಿಸಿದಂಗಾಯ್ತು. ಪಾಪ, ಯಾರೂ ನಿಮಗೆ ಹೇಳಿರಲ್ಲ, 3ನೇ ಕ್ಲಾಸಿಗೆ ಸೇರಿಸೋವಾಗ ನವೋದಯ ಯಾರ ತಲೇಲಿ ಇರತ್ತೆ?

ಇನ್ನೊಂದು ಕೊಕ್ಕೆ ಇದೆ. ನಗರ ಅಂದ್ರೆ 2011ರ ಜನಗಣತಿ ನಗರ ಅಂತ ಗುರುತಿಸಿದ ಜಾಗ, ಇಲ್ಲಾ ಆಮೇಲೆ ಸರ್ಕಾರ ಹಾಗೆ ಘೋಷಣೆ ಮಾಡಿದ್ದು. ಗ್ರಾಮ ಪಂಚಾಯ್ತಿ ಬೋರ್ಡೇ ಇದ್ರೂ ಸೆನ್ಸಸ್ ಟೌನ್ ಅಂತ ಲೆಕ್ಕ ಹಾಕಿರೋ ಊರುಗಳಿವೆ, ನಿನ್ನೆ ಮೊನ್ನೆ ಪಟ್ಟಣ ಪಂಚಾಯ್ತಿ ಆದ ಹಳ್ಳಿಗಳೂ ಇವೆ. ಅದಕ್ಕೆ ಫಾರ್ಮಲ್ಲಿ ರೂರಲ್ ಅಂತ ಟಿಕ್ ಮಾಡೋಕ್ ಮುಂಚೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ಒಂದ್ ಮಾತು ಕೇಳಿ, ಸೈಬರ್ ಸೆಂಟರ್ ಹುಡುಗನ್ನ ಕೇಳ್ಬೇಡಿ. ಅವ್ನು ರಶ್ಶಲ್ಲಿ ಏನೋ ಒಂದು ಒತ್ತಿಬಿಡ್ತಾನೆ, ಮಗು ಪಾಸೂ ಆಗತ್ತೆ, ಅಡ್ಮಿಷನ್ ದಿನ ದಾಖಲೆ ನೋಡಿ ವಾಪಸ್ ಕಳಿಸ್ತಾರೆ.

ನಿಮ್ಮ ಮಗಳು ಈಗ 5ನೇ ಕ್ಲಾಸಲ್ಲೇ ಇರೋದ್ರಿಂದ ಇದನ್ನ ಬದಲಾಯಿಸೋಕೆ ಆಗಲ್ಲ. ಓಪನ್‌ನಲ್ಲಿ, ಅಂದ್ರೆ ಆ ಉಳಿದ 20 ಸೀಟಿಗೆ ಬರೆಸಿ. ಸೀಟುಗಳಲ್ಲಿ ಮೂರನೇ ಒಂದು ಭಾಗ ಹೆಣ್ಮಕ್ಕಳಿಗೆ ಅಂತಾನೂ ಇದೆ, ಅದನ್ನ ಮರೀಬೇಡಿ. ಮನೇಲಿ ಚಿಕ್ಕವರು ಯಾರಾದ್ರೂ 2ನೇ ಕ್ಲಾಸಲ್ಲಿದ್ರೆ ಈಗ್ಲೇ ಯೋಚ್ನೆ ಮಾಡಿ.

ನಮ್ಮ ಹುಡುಗನಿಗೆ ಆರ್‌ಟಿಇನಲ್ಲಿ ಪ್ರೈವೇಟ್ ಸ್ಕೂಲಲ್ಲಿ ಸೀಟು ಸಿಕ್ಕಿತ್ತು. ಬರೀಬಹುದಾ? ಮತ್ತೆ ಪೇಪರ್ ಇಂಗ್ಲಿಷಾ ಕನ್ನಡಾನಾ?
— ಒಬ್ಬ ತಾಯಿ, ತುಮಕೂರು

ಬರೀಬಹುದು. ಆರ್‌ಟಿಇ ಅಂದ್ರೆ ಸರ್ಕಾರ ಫೀಸ್ ಕಟ್ಟೋ ಸೀಟು, ಆದ್ರೂ ಇಲ್ಲಿ ಅವ್ನು ಮಾನ್ಯತೆ ಇರೋ ಶಾಲೆಯ ವಿದ್ಯಾರ್ಥಿ ಅಷ್ಟೇ, ಫೀಸ್ ಯಾರು ಕಟ್ಟಿದ್ರು ಅಂತ ಯಾರೂ ಕೇಳಲ್ಲ. ಪೇಪರ್ ಕನ್ನಡದಲ್ಲೂ ಇರತ್ತೆ ಇಂಗ್ಲಿಷಲ್ಲೂ ಇರತ್ತೆ, ಅರ್ಜಿ ಹಾಕೋವಾಗಲೇ ಆರಿಸ್ಕೋಬೇಕು. 80 ಪ್ರಶ್ನೆ, 100 ಮಾರ್ಕ್ಸ್, ಎರಡು ಗಂಟೆ. ಅದ್ರಲ್ಲಿ ಮೆಂಟಲ್ ಎಬಿಲಿಟಿ ಒಂದಕ್ಕೇ 40 ಪ್ರಶ್ನೆ 50 ಮಾರ್ಕ್ಸ್, ಪೂರ್ತಿ ಚಿತ್ರಗಳ ಆಟ, ಅದಕ್ಕೆ ಭಾಷೆ ಹಂಗಿಲ್ಲ. ಉಳಿದಿದ್ದು ಲೆಕ್ಕಕ್ಕೆ 25 ಮಾರ್ಕ್ಸ್, ಭಾಷೆಗೆ 25 ಮಾರ್ಕ್ಸ್. ಭಾಷೆದು ಅಂದ್ರೆ ಒಂದು ಪ್ಯಾರಾ ಕೊಟ್ಟು ಪ್ರಶ್ನೆ ಕೇಳ್ತಾರೆ. ಇಲ್ಲಿ ಪ್ರೈವೇಟ್ ಮಕ್ಕಳ ಅಪ್ಪ ಅಮ್ಮ ಒಂದ್ ತಪ್ಪು ಮಾಡ್ತಾರೆ, ಮನೇಲಿ ಕನ್ನಡ ತಾನೇ ಮಾತಾಡೋದು ಅಂತ ಕನ್ನಡ ಟಿಕ್ ಮಾಡಿಸ್ತಾರೆ, ಆದ್ರೆ ಆ ಮಗುಗೆ ಲಸಾಅ ಮಸಾಅ ಅಂದ್ರೆ ಏನು ಅಂತಾನೇ ಗೊತ್ತಿರಲ್ಲ, ಅದು ಓದಿರೋದು ಎಲ್‌ಸಿಎಂ ಎಚ್‌ಸಿಎಫ್. ಶೇಷ, ಭಾಜಕ ಅಂತ ಪೇಪರಲ್ಲಿ ನೋಡಿ ಕಣ್ ಕಣ್ ಬಿಟ್ಕೊಂಡು ಕೂತಿದ್ದ ಒಬ್ಬ ಹುಡುಗ ನಂಗೆ ಗೊತ್ತು, ಲೆಕ್ಕದಲ್ಲಿ ಪುಟ್ಟ ರಾಕ್ಷಸ ಅವ್ನು, ಭಾಷೆ ಕೈಕೊಡ್ತು. ಶಾಲೆಲಿ ಗಣಿತ ಯಾವ ಭಾಷೇಲಿ ಓದ್ತಿದಾನೋ ಅದನ್ನೇ ಹಾಕಿಸಿ. ನೆಗೆಟಿವ್ ಮಾರ್ಕಿಂಗ್ ಇಲ್ಲ, ಒಂದನ್ನೂ ಖಾಲಿ ಬಿಡ್ಬೇಡ ಅಂತ ಹೇಳಿ ಕಳ್ಸಿ.

ಬೆಂಗಳೂರಲ್ಲಿ ಆಟೋ ಓಡಿಸ್ತೀನಿ, ಮಗ ಇಲ್ಲೇ ಪ್ರೈವೇಟ್ ಶಾಲೆ 5ನೇ ಕ್ಲಾಸು. ಊರು ಮಂಡ್ಯ ಜಿಲ್ಲೆ, ಆಧಾರೂ ಅಲ್ಲಿದೇ. ಅಲ್ಲಿಂದ ಹಾಕಿದ್ರೆ ಕಾಂಪಿಟೇಶನ್ ಕಮ್ಮಿ ಅಂತಾರೆ.

ಆಗಲ್ಲ ಅಣ್ಣ. ಯಾವ ಜಿಲ್ಲೆಯ ನವೋದಯಕ್ಕೆ ಹಾಕ್ತೀರೋ ಅದೇ ಜಿಲ್ಲೆಲಿ 5ನೇ ಕ್ಲಾಸ್ ಓದ್ತಿರ್ಬೇಕು, ವಾಸಾನೂ ಅದೇ ಜಿಲ್ಲೆ ಆಗಿರ್ಬೇಕು. ನಿಮ್ಮದು ಈಗ ಎರಡು ದೋಣಿಲಿ ಕಾಲಿಟ್ಟಂಗಿದೆ, ಓದು ಒಂದ್ ಕಡೆ ಆಧಾರ್ ಒಂದ್ ಕಡೆ. ನಿಜವಾಗಿ ಇರೋದು ಬೆಂಗಳೂರಲ್ಲೇ ಅಂದ್ಮೇಲೆ ಆಧಾರ್ ವಿಳಾಸ ಮೊದ್ಲು ಸರಿ ಮಾಡಿಸಿ, ಇಲ್ಲಿಂದಾನೇ ಹಾಕಿ. ಬೆಂಗಳೂರು ನಗರ ಜಿಲ್ಲೆಗೂ ಒಂದು ನವೋದಯ ಇದೆ, ಬಾಗಲೂರಲ್ಲಿ.

ಫಾರ್ಮಿಗೆ ಹೆಡ್ ಮಿಸ್ ಸೈನ್ ಹಾಕ್ತಿಲ್ಲ. ಯಾಕ್ರೀ ಅಲ್ಲಿಗೆ ಕಳಿಸ್ತೀರ, ನಮ್ಮಲ್ಲೇ ಹತ್ತನೇವರ್ಗೂ ಇದೆಯಲ್ಲ ಅಂತಾರೆ.
— ಹೆಸರು ಬೇಡ, ಶಿವಮೊಗ್ಗ

ಹೆಸರು ಬೇಡ ಅಂದಿದ್ದು ಒಳ್ಳೇದೇ ಆಯ್ತು, ಈ ಕಾಯಿಲೆ ನಿಮ್ಮ ಶಾಲೆಗೆ ಮಾತ್ರ ಅಲ್ಲ. ನನ್ನ ತಂಗಿ ಮಗಳದ್ದೂ ಇದೇ ಕಥೆ, ಒಂದು ಪ್ರೈವೇಟ್ ಶಾಲೆಲಿ ಇವತ್ತು ಬಾ ನಾಳೆ ಬಾ ಅಂತ ಎಂಟು ದಿನ ಓಡಾಡಿಸಿದ್ರು, ಕೊನೇ ದಿನ ಸಾಯಂಕಾಲ ಸೈನ್ ಸಿಕ್ತು, ರಾತ್ರಿ ಸರ್ವರ್ ಡೌನು, ಫೋಟೋ ಅಪ್‌ಲೋಡ್ ಮಾಡಿದ್ರೆ ಸೈಜ್ ಜಾಸ್ತಿ ಅಂತ ಬರತ್ತೆ, ಸೈನ್ ಮಾಡಿದ ಸರ್ಟಿಫಿಕೇಟ್ ಸ್ಕ್ಯಾನ್ ಅಡ್ಡಡ್ಡ ಬಂದಿದೆ, ಹನ್ನೊಂದೂವರೆಗೆ ಸಬ್ಮಿಟ್ ಆಯ್ತು, ಆಮೇಲೆ ಎಲ್ರೂ ಊಟ ಮಾಡಿದ್ವಿ.

ಒಳ್ಳೆ ಮಕ್ಕಳು ಹೊರಟುಹೋಗ್ತಾರೆ, ಮುಂದೆ ಎಸ್‌ಎಸ್‌ಎಲ್‌ಸಿ ಫ್ಲೆಕ್ಸ್‌ಗೆ ಫೋಟೋ ಸಿಗಲ್ಲ, ಅದೇ ಅವ್ರ ಸಂಕಟ. ಆದ್ರೆ ಆ ಸೈನ್ ಅವ್ರು ಕೊಡೋ ಭಿಕ್ಷೆ ಅಲ್ಲ, ಮಗು ಇಲ್ಲಿ ಓದ್ತಿದೆ ಅಂತ ದೃಢೀಕರಣ ಅಷ್ಟೇ. ಬಾಯಲ್ಲಿ ಕೇಳ್ಬೇಡಿ, ಒಂದು ಹಾಳೆಲಿ ಬರ್ದು ಕೊಟ್ಟು ಇನ್ನೊಂದು ಕಾಪಿ ಮೇಲೆ ರಿಸೀವ್ಡ್ ಅಂತ ಹಾಕಿಸ್ಕೊಳ್ಳಿ. ಮುಕ್ಕಾಲು ಕೇಸಲ್ಲಿ ಆ ಹಾಳೆ ನೋಡಿದ ತಕ್ಷಣ ಪೆನ್ನು ಸಿಗತ್ತೆ. ಸಿಗ್ಲಿಲ್ವಾ, ಆ ಕಾಪಿ ತಗೊಂಡು ಬಿಇಒ ಹತ್ರ ಹೋಗಿ. ಅರ್ಜಿಗೆ ಒಂದ್ ರೂಪಾಯಿ ಫೀಸೂ ಇಲ್ಲ ಅನ್ನೋದೂ ಗೊತ್ತಿರ್ಲಿ, ಶಾಲೆಯವ್ರು ಕೇಳಿದ್ರೆ ಕೊಡ್ಬೇಡಿ.

ನಾನು ಸರ್ಕಾರಿ ಶಾಲೆ ಶಿಕ್ಷಕಿ. ಒಂದನೇ ಕ್ಲಾಸಿಂದ ಫೀಸ್ ಕಟ್ಟಿ ಓದಿದವ್ರು ಕೊನೆಗೆ ಫ್ರೀ ಸೀಟಿಗೆ ಯಾಕೆ ಬರ್ಬೇಕು? ನವೋದಯ ಪೂರ್ತಿ ನಮ್ಮ ಮಕ್ಕಳಿಗೇ ಇರ್ಬೇಕಲ್ವಾ?
— ಯಾದಗಿರಿ ಜಿಲ್ಲೆ

ಮೇಡಂ, ನಿಮ್ಮ ಸಿಟ್ಟು ನಂಗೆ ಅರ್ಥ ಆಗತ್ತೆ, ನಾನೂ ಅದೇ ಬೆಂಚಲ್ಲಿ ಕೂತವನು. 1985-86ರಲ್ಲಿ ಹರಿಯಾಣದ ಝಜ್ಜರ್, ಮಹಾರಾಷ್ಟ್ರದ ಅಮರಾವತಿಲಿ ಮೊದಲ ಎರಡು ಶಾಲೆ ಶುರು ಮಾಡಿದಾಗ ಮನಸ್ಸಲ್ಲಿದ್ದಿದ್ದು ಹಳ್ಳಿಯ ಚುರುಕು ಮಕ್ಕಳು, ಸರ್ಕಾರಿ ಶಾಲೆ ಅಂತ ಗೆರೆ ಎಳೀಲಿಲ್ಲ. ಆಗ ಹಳ್ಳಿಲಿ ಪ್ರೈವೇಟ್ ಶಾಲೆ ಅನ್ನೋದೇ ಅಪರೂಪ, ಗೆರೆ ಎಳ್ಯೋ ಅಗತ್ಯಾನೇ ಬಿದ್ದಿರಲ್ಲ ಅಂತ ನಂಗನ್ಸತ್ತೆ. ಈಗ ಹೋಬಳಿಗೊಂದು ಇಂಟರ್‌ನ್ಯಾಷನಲ್ ಸ್ಕೂಲು.

ಆದ್ರೂ ಪೂರ್ತಿ ಬಾಗಿಲು ಹಾಕಿ ಅನ್ನೋಕೆ ನಂಗೆ ಮನಸ್ಸು ಬರಲ್ಲ. ಹಳ್ಳಿ ಪ್ರೈವೇಟ್ ಶಾಲೆಗೆ ಕಳಿಸೋರೆಲ್ಲ ಸಾಹುಕಾರರಲ್ಲ, ಸ್ತ್ರೀಶಕ್ತಿ ಸಂಘದ ಸಾಲ ಎತ್ತಿ ಫೀಸ್ ಕಟ್ಟಿದ ತಾಯಂದಿರನ್ನ ನೀವೂ ನೋಡಿರ್ತೀರ. ನನ್ನ ತಕರಾರು ಇರೋದು ಕೋಚಿಂಗ್ ಮೇಲೆ. 10 ವರ್ಷದ ಮಗುನ ಹಾಸ್ಟೆಲ್ ಥರದ ಕೋಚಿಂಗಿಗೆ ಹಾಕಿ, ಬೆಳಿಗ್ಗೆ 5ಕ್ಕೆ ಎಬ್ಬಿಸಿ ಚಿತ್ರದ ಪಜಲ್ ತಿದ್ದಿಸೋದು, ಶಾಲೆಲಿ ಬರೀ ಹೆಸರು ಮಾತ್ರ ಇಟ್ಟಿರೋದು. ಚುರುಕು ಮಗು ಹುಡುಕೋಕೆ ಅಂತ ಮಾಡಿದ ಪರೀಕ್ಷೆ ಕೊನೆಗೆ ದುಡ್ಡಿರೋರ ತಯಾರಿ ಅಳೆಯೋ ತಕ್ಕಡಿ ಆಗ್ತಿದೆ. ನಿಮ್ಮ ಕ್ಲಾಸಿನ ನಾಲ್ಕು ಮಕ್ಕಳಿಗೆ ಶನಿವಾರ ಒಂದ್ ಗಂಟೆ ಹಳೇ ಪೇಪರ್ ಮಾಡಿಸಿ ನೋಡಿ, ಓಎಂಆರ್ ಹಾಳೆಲಿ ಗುಂಡಗೆ ತುಂಬೋದನ್ನೂ ಕಲಿಸಿ. ನಮ್ಮ ಮಕ್ಕಳು ಉತ್ತರ ಗೊತ್ತಿದ್ದೂ ಸೋಲೋದು ಅಲ್ಲೇ, ಪೆನ್ನು ಹಿಡ್ಕೊಂಡು ಬಬಲ್ ಒಳಗೆ ರೈಟ್ ಮಾರ್ಕ್ ಹಾಕಿ ಬರ್ತಾರೆ.

5ರಲ್ಲಿ ಸಿಗ್ಲಿಲ್ಲ. ಪ್ರೈವೇಟಲ್ಲೇ ಇನ್ನೊಂದ್ ಸಲ 5ನೇ ಕ್ಲಾಸ್ ಓದ್ಸಿ ಬರೆಸ್ಲಾ? ಇಲ್ಲಾ 9ಕ್ಕೆ ಟ್ರೈ ಮಾಡ್ಲಾ?

ಮೊದಲ್ನೇದು ಖಂಡಿತ ಬೇಡ. ಎರಡನೇ ಸಲ ಬರೆಯೋ ಹಾಗಿಲ್ಲ ಅಂತ ನಿಯಮಾನೇ ಇದೆ, ಮಗುದು ಒಂದು ವರ್ಷ ಹಾಳು.

9ನೇ ಕ್ಲಾಸಿಗೆ ಖಾಲಿ ಬಿದ್ದ ಸೀಟಿಗೆ ಮಾತ್ರ ಪರೀಕ್ಷೆ ನಡೆಯತ್ತೆ, ಅದೇ ಜಿಲ್ಲೆಲಿ 8ನೇ ಕ್ಲಾಸ್ ಓದ್ತಿರ್ಬೇಕು. ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15, ಎರಡೂವರೆ ಗಂಟೆ, ಪೇಪರ್ ಇಂಗ್ಲಿಷ್ ಹಿಂದಿಲಿ ಮಾತ್ರ. ಬೇಜಾರಿನ ಮಾತು ಏನಂದ್ರೆ ಇದು ಪ್ರೈವೇಟ್ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಅಂತಾನೇ ಹೊಲಿದ ಅಂಗಿ ಇದ್ದಂಗಿದೆ, ಕನ್ನಡ ಮೀಡಿಯಂ ಹುಡುಗ ದ್ಯುತಿಸಂಶ್ಲೇಷಣೆ ಚೆನ್ನಾಗಿ ಬಲ್ಲ, ಫೋಟೋಸಿಂಥೆಸಿಸ್ ಅಂದ್ರೆ ತಡವರಿಸ್ತಾನೆ. ನಿಮ್ಮ ಮಗುಗೆ ಅನುಕೂಲ ಇದೆ, ಬರೆಸಿ, ಆದ್ರೆ ಸೀಟು ಬೆರಳೆಣಿಕೆ.

ನಮ್ಮದು 2ಎ, ಸರ್ಟಿಫಿಕೇಟ್ ಇದೆ. ಸಾಕಲ್ವಾ?

ಸಾಲಲ್ಲ. ನವೋದಯ ಕೇಂದ್ರದ್ದು, ಅಲ್ಲಿ ನಮ್ಮ ರಾಜ್ಯದ ಮೀಸಲಾತಿ ಪಟ್ಟಿಯ 2ಎ, 3ಬಿ ನಡೆಯಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ (ಇತರೆ ಹಿಂದುಳಿದ ವರ್ಗ) ಪಟ್ಟಿಲಿ ಇದೆಯಾ ನೋಡಿ, ಇದ್ರೆ ಆ ನಮೂನೇಲೇ ತಹಶೀಲ್ದಾರ್ ಕಡೆಯಿಂದ ಮಾಡಿಸಿ.

ಪ್ರೈವೇಟ್ ಶಾಲೆಯವ್ರು 6ನೇ ಕ್ಲಾಸಿನ ಫೀಸ್ ಈಗ್ಲೇ ಕಟ್ಟಿ ಅಂತಿದಾರೆ. ನವೋದಯ ರಿಸಲ್ಟ್ ಬಂದಿಲ್ಲ. ಏನ್ ಮಾಡ್ಲಿ?
— ದಾವಣಗೆರೆ

ಇದು ಎಲ್ಲರ ಮನೆ ಜಗಳ. ಪೂರ್ತಿ ಕಟ್ಬೇಡಿ. ಮೊದಲ ಕಂತು ಮಾತ್ರ ಕಟ್ಟಿ, ಸೀಟು ಬಿಟ್ರೆ ಎಷ್ಟು ವಾಪಸ್ ಕೊಡ್ತೀರ ಅಂತ ರಸೀದಿ ಮೇಲೇನೇ ಬರೆಸ್ಕೊಳ್ಳಿ. ಮೊದಲ ಲಿಸ್ಟಲ್ಲಿ ಹೆಸರಿಲ್ಲ ಅಂದ ತಕ್ಷಣ ಆಸೆ ಬಿಡ್ಬೇಡಿ, ಬೇರೆಯವ್ರು ಸೇರ್ದೇ ಬಿಟ್ಟ ಸೀಟಿಗೆ ವೇಟಿಂಗ್ ಲಿಸ್ಟ್ ಓಡತ್ತೆ, ಮಳೆಗಾಲ ಶುರುವಾದ್ಮೇಲೆ ಫೋನ್ ಬಂದ ಮನೆಗಳೂ ಇವೆ. ಅದಕ್ಕೇ ಹೇಳೋದು, ಅರ್ಜಿಲಿ ಕೊಟ್ಟ ನಂಬರಿನ ಸಿಮ್ ಬದಲಾಯಿಸ್ಬೇಡಿ, ರೀಚಾರ್ಜ್ ಮುಗ್ಯೋಕ್ ಬಿಡ್ಬೇಡಿ.